ಮಳೆ ಬಂತು, ಆಂಟೆನಾ ಕೆಟ್ಟಿತು

ಪ್ರಶ್ನೆ: ಹ್ಯಾಮ್ (ಹವ್ಯಾಸಿ ರೇಡಿಯೋ) ಪರವಾನಗಿ ಹೊಸದು. ತೋಟದ ಎರಡು ಸಿಲ್ವರ್ ಓಕ್ ಮರಗಳ ನಡುವೆ 40 ಮೀಟರ್ ಬ್ಯಾಂಡಿನ (7 ಮೆಗಾಹರ್ಟ್ಸ್ ಸುತ್ತಲಿನ ತರಂಗಗಳ) ಡೈಪೋಲ್, ಅಂದರೆ ನಡುವಿನಿಂದ ಎರಡೂ ಕಡೆ ಚಾಚಿದ ತಂತಿ ಆಂಟೆನಾ, ಕಟ್ಟಿದ್ದೇನೆ. ಬೇಸಿಗೆಯಲ್ಲಿ ಎಸ್‌ಡಬ್ಲ್ಯುಆರ್ (ಆಂಟೆನಾದಿಂದ ಎಷ್ಟು ಶಕ್ತಿ ಮರಳುತ್ತಿದೆ ಎಂದು ತೋರಿಸುವ ಅಳತೆ; 1 ಅತ್ಯುತ್ತಮ) 1.3 ಇತ್ತು, ಮಳೆ ಹಿಡಿದ ಮೇಲೆ 3 ದಾಟಿದೆ. ತಂತಿ ಕತ್ತರಿಸಲೇ?
— ಓದುಗರು, ಸೋಮವಾರಪೇಟೆ

ಉತ್ತರ: ಕತ್ತರಿ ಕೆಳಗಿಡಿ. 7.1 ಮೆಗಾಹರ್ಟ್ಸ್‌ಗೆ ಒಂದೊಂದು ಕಡೆ ಸುಮಾರು 10 ಮೀಟರ್ ಇದ್ದರೆ ಉದ್ದ ಸರಿಯೇ. ಮೊದಲು ಬ್ಯಾಂಡಿನುದ್ದಕ್ಕೂ ಎಸ್‌ಡಬ್ಲ್ಯುಆರ್ ಅಳೆಯಿರಿ. ಕನಿಷ್ಠ ಬಿಂದು ತುಸು ಕೆಳಗಿನ ಆವರ್ತನಕ್ಕೆ ಸರಿದಿದೆಯಷ್ಟೇ ಎಂದಾದರೆ ಒದ್ದೆ ಎಲೆ ತಂತಿಗೆ ತಾಗುತ್ತಿದೆ. ಕೊಂಬೆ ಸವರಿದರೆ ಸಾಕು. ಎಲ್ಲೆಡೆ ಏರಿದ್ದು, ಬಿಸಿಲು ಬಂದರೂ ಇಳಿಯದಿದ್ದರೆ ನಡುವಿನ ಜೋಡಣೆಯಲ್ಲಿ ನೀರು ಹೊಕ್ಕಿದೆ. ಕೋಆಕ್ಸ್‌ನ (ಆಂಟೆನಾಕ್ಕೆ ಹೋಗುವ ಕೇಬಲ್) ಹೊರಸುತ್ತಿನ ಹೆಣಿಗೆ ತಂತಿ ದೀಪದ ಬತ್ತಿಯಂತೆ ನೀರು ಹೀರುತ್ತದೆ. ಹೆಣಿಗೆ ಕಪ್ಪಾಗಿದ್ದರೆ ಒಣಗಿಸಿ ಪ್ರಯೋಜನವಿಲ್ಲ, ತಾಮ್ರ ಹೊಳೆಯುವವರೆಗೆ ಕೇಬಲ್ ಕತ್ತರಿಸಿ ಎಸೆಯಿರಿ. ಹೊಸದಾಗಿ ಬೆಸುಗೆ ಹಾಕಿ, ತನಗೆ ತಾನೇ ಬೆಸೆದುಕೊಳ್ಳುವ ರಬ್ಬರ್ ಟೇಪನ್ನು ಎಳೆದು, ಅರ್ಧರ್ಧ ಮೇಲೆ ಬರುವಂತೆ, ಕೆಳಗಿನಿಂದ ಮೇಲಕ್ಕೆ ಸುತ್ತಿ. ಅದರ ಮೇಲೆ ಮಾಮೂಲಿ ಪಿವಿಸಿ ಟೇಪ್. ಬರೀ ಪಿವಿಸಿ ಟೇಪ್ ಕೊಡಗಿನ ಮಳೆಗೆ ತಡೆಯದು. ಕೇಬಲ್ ಮನೆಯೊಳಗೆ ಬರುವಲ್ಲಿ ಕೆಳಗೆ ಜೋತ ಬಳುಕು ಬಿಡಿ, ನೀರು ಅಲ್ಲೇ ತೊಟ್ಟಿಕ್ಕಲಿ.

ಇನ್ನೊಂದು: ನೀರು ಕುಡಿದ ಉದ್ದ ಕೇಬಲ್ ಕೆಲವೊಮ್ಮೆ ಒಳ್ಳೆಯ ಎಸ್‌ಡಬ್ಲ್ಯುಆರ್ ತೋರಿಸಿ ಮೋಸ ಮಾಡುತ್ತದೆ. ಮರಳಿ ಬರಬೇಕಾದ ಶಕ್ತಿ ದಾರಿಯಲ್ಲೇ ಶಾಖವಾಗಿರುತ್ತದೆ.