ನರ್ಸ್‌ಗೆ ಸಂಬಳ ಜಾಸ್ತಿಯೋ, ಪೊಲೀಸ್‌ಗೆ ಜಾಸ್ತಿಯೋ?

ಪಿಯುಸಿ ಆಗಿದೆ, ನರ್ಸಿಂಗ್ ಸೇರಲಾ, ಕಾನ್‌ಸ್ಟೇಬಲ್ ಪರೀಕ್ಷೆ ಬರೆಯಲಾ, ಸಂಬಳ ಯಾವುದಕ್ಕೆ ಜಾಸ್ತಿ ಎಂದು ಕೇಳಿದ್ದೀರಿ. ನಾನೂ ಸಂಬಳ ನೋಡಿಯೇ ಆರಿಸಿಕೊಂಡವಳು.

ನಮ್ಮೂರು ಹೊಸನಗರದ ಹತ್ತಿರ. ಜಿಎನ್‌ಎಂ ಎಂಬ ನರ್ಸಿಂಗ್ ಡಿಪ್ಲೊಮಾ ಮುಗಿಸಿ ಶಿವಮೊಗ್ಗದ ಒಂದು ನರ್ಸಿಂಗ್ ಹೋಂನಲ್ಲಿ 9,000 ರೂಪಾಯಿಗೆ ದುಡಿಯುತ್ತಿದ್ದೆ. ಗೆಳತಿ ಹಾಕಿದಳು ಅಂತ ಸುಮ್ನೆ ನಾನೂ ಕಾನ್‌ಸ್ಟೇಬಲ್ ಅರ್ಜಿ ಹಾಕಿದೆ. 400 ಮೀಟರ್ 2 ನಿಮಿಷದೊಳಗೆ ಓಡಬೇಕಿತ್ತು, ಓಡಿದೆ. 2020ರಲ್ಲಿ ಇಬ್ಬರ ಹೆಸರೂ ಪಟ್ಟಿಯಲ್ಲಿ ಬಂತು. ಅದೇ ಹೊತ್ತಿಗೆ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಗುತ್ತಿಗೆ ಸ್ಟಾಫ್ ನರ್ಸ್ ಕೆಲಸವೂ ಸಿಕ್ಕಿತು.

ನಾನು ಎಡವಿದ್ದು ಇಲ್ಲೇ. ಆಗ ಕಾನ್‌ಸ್ಟೇಬಲ್ ಮೂಲ ವೇತನ 23,500. ಅದೂ ಪೊಲೀಸರ ವೇತನದ ಬಗ್ಗೆ ಔರಾದ್ಕರ್ ಸಮಿತಿ ಕೊಟ್ಟ ವರದಿಯಿಂದಾಗಿ 2019ರಲ್ಲಿ ಏರಿದ್ದು. ಸ್ಟಾಫ್ ನರ್ಸ್‌ಗೆ 33,450. ಹತ್ತು ಸಾವಿರ ಜಾಸ್ತಿ ಅಲ್ವಾ! "ಖಾಕಿ ಬೇಡ ಮಾರಾಯ್ತಿ" ಎಂದು ಅಪ್ಪನೂ ಅಂದರು. ಪೊಲೀಸ್ ಬಿಟ್ಟು ನರ್ಸ್ ಕೆಲಸಕ್ಕೇ ಸೇರಿದೆ. ಆದರೆ ಆ 33,450 ಕಾಯಂ ಹುದ್ದೆಯದು. ನನ್ನ ಆದೇಶದಲ್ಲಿದ್ದದ್ದು ಮಾಸಿಕ ಸಂಚಿತ ವೇತನ 14,000. ತುಟ್ಟಿಭತ್ಯೆ ಇಲ್ಲ, ಮನೆ ಬಾಡಿಗೆ ಭತ್ಯೆ ಇಲ್ಲ. ಎರಡು ವರ್ಷದಲ್ಲಿ ಕಾಯಂ ಮಾಡುತ್ತಾರೆ ಎಂದು ಯಾರೋ ಹೇಳಿದ್ದನ್ನು ನಂಬಿದೆ. ಕೈಯಲ್ಲಿಲ್ಲದ ಸಂಬಳವನ್ನು ಕೈಗೆ ಬಂದಿದ್ದ ಸಂಬಳದ ಜೊತೆ ತೂಗಿದೆ. ಪೊಲೀಸ್ ಕೆಲಸಕ್ಕೆ ಸೇರಿಕೊಂಡೇ, ಇಲಾಖೆಯ ಅನುಮತಿ ಪಡೆದು ಕಾಯಂ ನರ್ಸ್ ಹುದ್ದೆಗೆ ಅರ್ಜಿ ಹಾಕಬಹುದಿತ್ತು. ಅದನ್ನು ನನಗೆ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

2024ರ ಆಗಸ್ಟ್‌ನಿಂದ ಏಳನೇ ವೇತನ ಆಯೋಗ ಜಾರಿಯಾಯಿತು. ಕಾನ್‌ಸ್ಟೇಬಲ್ ಮೂಲ ವೇತನ 37,500 ಆಯಿತು, ಕಾಯಂ ಸ್ಟಾಫ್ ನರ್ಸ್‌ಗೆ 54,175. ಗುತ್ತಿಗೆಯ ನನಗೆ ಅದರಲ್ಲಿ ಒಂದು ಪೈಸೆ ಬರಲಿಲ್ಲ. ಅಪ್ಪನ ಮನೆಗೆ ಹೆಂಚು ಬದಲಿಸಲು ಸಾಲ ಕೇಳಿದರೆ, ಬ್ಯಾಂಕಿನವರು ಆದೇಶ ಪತ್ರ ನೋಡಿ ವಾಪಸ್ ಕೊಟ್ಟರು.

ಗೆಳತಿ ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆಯಲ್ಲಿ ಸಿಕ್ಕಿದ್ದಳು. ಬೆಳಗಿನಿಂದ ಬಂದೋಬಸ್ತ್‌ಗೆ ನಿಂತು ಅವಳ ಕಾಲು ಊದಿತ್ತು. ಅವಳದೂ ಸುಖದ ಕೆಲಸ ಅಲ್ಲ. ಆದರೆ ಅವಳು ಊರಲ್ಲಿ ಮನೆ ಕಟ್ಟಿಸಿದ್ದಾಳೆ.

ಹಾಗಾಗಿ ನರ್ಸಾ, ಪೊಲೀಸಾ ಎಂಬ ಪ್ರಶ್ನೆಯನ್ನೇ ಬಿಡಿ. ಕಾಯಂ ಹುದ್ದೆಯಾ, ಗುತ್ತಿಗೆಯಾ ಎಂದು ಕೇಳಿ. ರೋಗಿಗಳ ಸೇವೆ ನಿಮಗೆ ಇಷ್ಟವಿದ್ದರೆ ನರ್ಸಿಂಗ್ ಖಂಡಿತ ಓದಿ, ನನಗೆ ಈಗಲೂ ವಾರ್ಡಿನ ಕೆಲಸ ಇಷ್ಟ. ಆದರೆ ಕಾನ್‌ಸ್ಟೇಬಲ್ ಅಧಿಸೂಚನೆ ಬಂದಾಗ ಅರ್ಜಿ ಹಾಕಲೇಬೇಕು. ಪೊಲೀಸ್‌ಗೆ ವಯೋಮಿತಿ ಬೇಗ ಮುಗಿಯುತ್ತದೆ, ನರ್ಸ್ ಹುದ್ದೆಗೆ ಇನ್ನೂ ಹತ್ತು ವರ್ಷ ಸಮಯ ಇರುತ್ತದೆ. ನನಗೆ ಇದು ಅರ್ಥವಾದಾಗ ಪೊಲೀಸ್ ವಯಸ್ಸು ದಾಟಿತ್ತು. ನಿಮಗೀಗ ಎಷ್ಟು ವಯಸ್ಸು?