ಹಳೆ ಡಾಂಬರು ಬೆರೆಸಿದ ರಸ್ತೆ ವರ್ಷದೊಳಗೆ ಬಿರುಕು ಬಿಟ್ಟಿದ್ದಕ್ಕೆ

ಪುಣೆ ವಾಕಡ್‌ನ ನಿಮ್ಮ ಸೊಸೈಟಿ ರಸ್ತೆಗೆ 30% ಹಳೆ ಡಾಂಬರು (ಹಳೆ ರಸ್ತೆ ಕೆದರಿ ತೆಗೆದದ್ದು) ಬೆರೆಸಿದ ಮಿಕ್ಸ್ ಹಾಕಿದ್ದಾರೆ, ವರ್ಷದೊಳಗೆ ಬಿರುಕು ಬಿಟ್ಟಿದೆ ಅಂದಿರಲ್ವಾ, ನನ್ನ ಅನುಮಾನ ಅದರ ಮೇಲೆಯೇ. ವರ್ಷಗಟ್ಟಲೆ ಬಿಸಿಲು ತಿಂದ ಡಾಂಬರು ಬಾಗುವುದಿಲ್ಲ, ಸೀಳುತ್ತದೆ. ಅದರ ಜೊತೆ ಸೇರಿಸಿದ ಹೊಸ ಡಾಂಬರೂ ವಿಜಿ-30 (ಗಟ್ಟಿ ದರ್ಜೆ) ಆಗಿದ್ದರೆ ಮಿಕ್ಸ್ ತುಂಬಾ ಗಡುಸು.

ಮೊದಲು ಬಿರುಕಿನ ಮೇಲೆಯೇ ಕೋರ್ (ರಸ್ತೆ ಕೊರೆದು ತೆಗೆಯುವ ಉದ್ದನೆಯ ದುಂಡು ತುಂಡು) ತೆಗೆಸಿ. ನಮ್ಮ ರಸ್ತೆಯ ಕೋರ್ ಮುರಿದಾಗ ಒಳಗೆ ಹೊಳಪೇ ಇರಲಿಲ್ಲ, ಬೂದಿಯಂತೆ ಮಂಕಾಗಿತ್ತು. ಬಿರುಕು ಮೇಲಷ್ಟೇ ಇದ್ದರೆ ಮಿಕ್ಸ್‌ನ ತಪ್ಪಿರುವ ಸಾಧ್ಯತೆ ಜಾಸ್ತಿ. ತಳದವರೆಗೂ ಇಳಿದು ಒದ್ದೆ ಕಪ್ಪುಮಣ್ಣು ಸಿಕ್ಕರೆ ತಳಪಾಯ ಕುಸಿದಿರಬಹುದು. ಆಗ ಸುಮ್ನೆ ಮೇಲೆ ಇನ್ನೊಂದು ಪದರ ಹಾಕಿಸಿ ದುಡ್ಡು ಕಳೆಯಬೇಡಿ, ತಳ ಸರಿಮಾಡಿಸಿ.

ಮಿಕ್ಸ್‌ನದೇ ತಪ್ಪಾದರೆ, ಮುಂದಿನ ಸಲ ವಿಜಿ-10 (ಮೆತ್ತನೆ ದರ್ಜೆಯ ಡಾಂಬರು) ಅಥವಾ ರಿಜುವನೇಟರ್ (ಹಳೆ ಡಾಂಬರನ್ನು ಮೆತ್ತಗಾಗಿಸುವ ದ್ರವ) ಸೇರಿಸಿದ ಮಿಕ್ಸ್ ಡಿಸೈನ್ ಕೇಳಿ. ಡಿಸೈನ್ ಐಆರ್‌ಸಿ 120 (ಹಳೆ ಡಾಂಬರು ಮರುಬಳಕೆಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾರ್ಗಸೂಚಿ) ಪ್ರಕಾರ ಇದೆಯಾ ಅಂತ ಬರಹದಲ್ಲೇ ತಗೊಳ್ಳಿ. ಈಗಿನ ಬಿರುಕುಗಳನ್ನು ಮಾತ್ರ ಮಳೆಗೆ ಮುಂಚೆ ಸೀಲ್ ಮಾಡಿಸಿಬಿಡಿ.