ಹಣ ಕಟ್ಟಿ, ಮಗಳನ್ನು ನಾಟಕಕ್ಕೆ ಕಳುಹಿಸಿ

ದಕ್ಷಿಣ ಆಫ್ರಿಕಾದ ಪ್ರಿಟೋರಿಯಾಕ್ಕೆ ಬಂದು ಇನ್ನೂ ವರ್ಷ ತುಂಬಿಲ್ಲ, ಹತ್ತನೆಯ ತರಗತಿಯ ಮಗಳ ಶಾಲೆಯಿಂದ ‘ಫೀಲಾ ಸ ಕಿಂಟ್’ (ಫೀಲಾಳ ಮಗು) ಕಾದಂಬರಿಯ ನಾಟಕಕ್ಕೆ ಹಣ ಕೇಳಿ ಚೀಟಿ ಬಂದಿದೆ, ಇಲ್ಲಿನ ಅಧಿಕೃತ ಭಾಷೆಗಳಲ್ಲೊಂದಾದ ಆಫ್ರಿಕಾನ್ಸ್ ಅವಳಿಗೆ ಅರ್ಧವೂ ತಿಳಿಯುವುದಿಲ್ಲ, ಇದು ದಂಡದ ಖರ್ಚೇ, ಆ ಭಾಷೆಯನ್ನೇ ಬಿಡಿಸಬಹುದೇ ಎಂದು ಕೇಳಿದ್ದೀರಿ. ಅಕ್ಕ ಎಂದು ಕರೆದಿದ್ದೀರಿ, ಹಾಗಾಗಿ ಸುತ್ತಿ ಬಳಸಿ ಹೇಳುವುದಿಲ್ಲ. ಹಣ ಕಟ್ಟಿ, ಕಳುಹಿಸಿ.

ಬಿಡಿಸುವ ಮಾತನ್ನು ಮೊದಲು ಮುಗಿಸಿಬಿಡೋಣ. ಏಳನೆಯ ತರಗತಿಯಲ್ಲಿ ಅಥವಾ ಅದರ ನಂತರ ಇಲ್ಲಿನ ಶಾಲೆಗೆ ಮೊದಲ ಬಾರಿ ಸೇರಿದ ವಲಸೆ ಮಕ್ಕಳು ಎರಡರ ಬದಲು ಒಂದೇ ಅಧಿಕೃತ ಭಾಷೆಯನ್ನು ಇಟ್ಟುಕೊಂಡು, ಇನ್ನೊಂದರ ಜಾಗದಲ್ಲಿ ಬೇರೆ ವಿಷಯ ಓದಲು ಅವಕಾಶವಿದೆ. ಅರ್ಜಿಯ ಬಗ್ಗೆ ಶಾಲೆಯಲ್ಲೇ ವಿಚಾರಿಸಿ. ಆದರೆ ನಾನಾಗಿದ್ದರೆ ಆತುರಪಡುವುದಿಲ್ಲ. ಮೊದಲ ಹೆಚ್ಚುವರಿ ಭಾಷೆಯಲ್ಲಿ, ಅಂದರೆ ಶಾಲೆಯಲ್ಲಿ ಎರಡನೆಯ ಭಾಷೆಯಾಗಿ ಕಲಿಯುವ ಆಫ್ರಿಕಾನ್ಸ್‌ನಲ್ಲಿ, ತೇರ್ಗಡೆಗೆ ಶೇಕಡಾ 30 ಅಂಕ ಸಾಕು. ಕನ್ನಡ, ಹಿಂದಿ, ಇಂಗ್ಲಿಷ್ ಮೂರನ್ನೂ ನಿಭಾಯಿಸಿ ಬಂದ ಹುಡುಗಿಗೆ ಅದೇನು ದೊಡ್ಡದಲ್ಲ.

ಇನ್ನು ನಾಟಕ. ಪಠ್ಯವಾಗಿ ಓದಬೇಕಾದ ಕಾದಂಬರಿಗೆ ಇಲ್ಲಿ ಎಲ್ಲರೂ ‘ಸೆಟ್‌ವರ್ಕ್’ ಎನ್ನುತ್ತಾರೆ. ಅದನ್ನು ರಂಗಕ್ಕೆ ಅಳವಡಿಸಿಕೊಂಡು ಶಾಲೆಯಿಂದ ಶಾಲೆಗೆ ತಿರುಗುವ ತಂಡಗಳಿವೆ. ಕೆಲವೊಮ್ಮೆ ಮಕ್ಕಳನ್ನೇ ಬಸ್ಸಿನಲ್ಲಿ ರಂಗಮಂದಿರಕ್ಕೆ ಕರೆದೊಯ್ಯುತ್ತಾರೆ. ಇದೇ ಕಾದಂಬರಿಯ ನಾನು ನೋಡಿದ ಒಂದು ಪ್ರಯೋಗ ಶಾಲೆಯ ಸಭಾಂಗಣದಲ್ಲೇ ನಡೆಯಿತು. ಬಕ್ಕಿಯ (ಇಲ್ಲಿನವರು ಪಿಕಪ್ ಗಾಡಿಗೆ ಹೇಳುವ ಹೆಸರು) ಹಿಂಭಾಗದಲ್ಲಿ ಹಿಡಿಸುವಷ್ಟು ರಂಗಸಜ್ಜಿಕೆ, ಬೆರಳೆಣಿಕೆಯ ನಟರು. ಈಗ ಕಾಡಿನ ಮರಕಡಿಯುವವನಾಗಿದ್ದವನು ಮರುಕ್ಷಣ ಟೋಪಿ ಬದಲಿಸಿ ನ್ಯಾಯಾಧೀಶನಾಗುತ್ತಿದ್ದ. ಉಷ್ಟ್ರಪಕ್ಷಿಗಳು ನಟರ ಕೈಯಲ್ಲಿ, ಕತ್ತಿನ ಚಲನೆಯಲ್ಲಿ ಮೂಡುತ್ತಿದ್ದವು. ಹಿಂದಿನ ಸಾಲಿನ ಹುಡುಗರು ಮೊದಲು ನಕ್ಕರು, ಆಮೇಲೆ ಸುಮ್ಮನಾದರು. ಮೈಸೂರಿನ ರಂಗಾಯಣ 2010ರಲ್ಲಿ ‘ಮಲೆಗಳಲ್ಲಿ ಮದುಮಗಳು’ ಆಡಿದಾಗ ಅದಕ್ಕೆ ಇಡೀ ರಾತ್ರಿ ಸಿಕ್ಕಿತ್ತು. ಈ ತಂಡಗಳಿಗೆ ಸಿಗುವುದು ಎರಡೋ ಮೂರೋ ಪೀರಿಯಡ್, ಅಷ್ಟೇ.

ಕಥೆಯನ್ನು ಮಗಳಿಗೆ ಮೊದಲೇ ಹೇಳಿ. ಡಲೀನ್ ಮತೀ ಬರೆದ ಈ ಕಾದಂಬರಿ 1985ರಲ್ಲಿ ಬಂತು. ಹತ್ತೊಂಬತ್ತನೆಯ ಶತಮಾನದ ಕಥೆ, ನೈಸ್ನಾ ಕಾಡು ಮತ್ತು ಬೆಟ್ಟದ ಆಚೆಯ ಲಾಂಗ್‌ಕ್ಲೂಫ್ ಕಣಿವೆ. ಫೀಲಾ ಕೊಮೂಟಿ ಎಂಬ ಮಿಶ್ರವರ್ಣದ ಹೆಂಗಸಿನ ಬಾಗಿಲಲ್ಲಿ ಒಂದು ರಾತ್ರಿ ಬಿಳಿಯ ಮಗುವೊಂದು ಸಿಗುತ್ತದೆ. ಅವಳು ಅವನಿಗೆ ಬೆಂಜಮಿನ್ ಎಂದು ಹೆಸರಿಟ್ಟು ಸಾಕುತ್ತಾಳೆ. ಒಂಬತ್ತು ವರ್ಷದ ನಂತರ ಜನಗಣತಿಯವರು ಬರುತ್ತಾರೆ. ಬಿಳಿಯ ಹುಡುಗ ಈ ಮನೆಯಲ್ಲಿರುವುದು ಅವರಿಗೆ ಸಹಿಸುವುದಿಲ್ಲ. ಕಾಡಿನಲ್ಲಿ ಮಗುವನ್ನು ಕಳೆದುಕೊಂಡಿದ್ದ ಫಾನ್ ರೋಯನ್ ಎಂಬ ಬಡ ಬಿಳಿಯರ ಕುಟುಂಬಕ್ಕೆ ಹುಡುಗ ಸೇರುತ್ತಾನೆ, ಹೆಸರು ಲ್ಯೂಕಸ್ ಆಗುತ್ತದೆ. ಫೀಲಾ ಬೆಟ್ಟ ದಾಟಿ ನಡೆದು ಹೋಗಿ ಕೇಳಿದರೂ ಹುಡುಗನನ್ನು ಕೊಡುವುದಿಲ್ಲ. ಕೊನೆಯನ್ನು ನಾನು ಹೇಳುವುದಿಲ್ಲ, ಅವಳೇ ಓದಲಿ. ಜನರನ್ನು ಬಣ್ಣದ ಪ್ರಕಾರ ವಿಂಗಡಿಸಿ ದಾಖಲಿಸುವ 1950ರ ಕಾನೂನು ಪುಸ್ತಕ ಬಂದಾಗ ಇನ್ನೂ ಜಾರಿಯಲ್ಲಿತ್ತು, ರದ್ದಾದದ್ದು 1991ರಲ್ಲಿ. ಹಳೆಯ ಕಾಲದ ಕಥೆಯೊಳಗೆ ಅಂದಿನ ಓದುಗರು ಏನನ್ನು ಕಂಡರೆಂದು ಊಹಿಸುವುದು ಕಷ್ಟವಲ್ಲ.

ರಂಗಕ್ಕೆ ಬಂದಾಗ ಈ ಕಥೆ ಗಳಿಸುವುದೂ ಇದೆ, ಕಳೆದುಕೊಳ್ಳುವುದೂ ಇದೆ. ಗಳಿಸುವುದು ದನಿಗಳನ್ನು. ಫೀಲಾ ತನ್ನ ಮಕ್ಕಳನ್ನು ಗದರಿಸುವ ರೀತಿ, ಅಧಿಕಾರಿಯ ಮುಂದೆ ತಗ್ಗಿ ಮಾತಾಡುತ್ತಲೇ ತಗ್ಗದೆ ನಿಲ್ಲುವ ರೀತಿ, ಇವೆಲ್ಲ ಪುಟದ ಮೇಲೆ ನಿಮ್ಮ ಮಗಳಿಗೆ ಕಾಣುವುದಿಲ್ಲ, ನಟಿಯ ಬಾಯಲ್ಲಿ ಕೇಳಿದಾಗ ಪದ ತಿಳಿಯದಿದ್ದರೂ ತಿಳಿಯುತ್ತವೆ. ಕಳೆದುಕೊಳ್ಳುವುದು ಕಾಲವನ್ನು. ಕಾದಂಬರಿ ಕಣಿವೆಗೂ ಕಾಡಿಗೂ ಓಡಾಡುತ್ತಾ ವರ್ಷಗಳನ್ನು ನಿಧಾನವಾಗಿ ಕಳೆಯುತ್ತದೆ. ಹುಡುಗ ಎರಡು ಹೆಸರುಗಳ ನಡುವೆ ಬೆಳೆಯುವ ಆ ದೀರ್ಘ ಗೊಂದಲವೇ ಪುಸ್ತಕದ ತಿರುಳು. ವೇದಿಕೆಯಲ್ಲಿ ಬೆಳಕು ಆರಿ ಹೊತ್ತಿಕೊಂಡರೆ ಅವನು ದೊಡ್ಡವನು. ಪರೀಕ್ಷೆಯಲ್ಲಿ ಪ್ರಶ್ನೆಗಳು ಬರುವುದು ಪುಸ್ತಕದಿಂದ, ನಾಟಕದಿಂದ ಅಲ್ಲ. ಮೆಟ್ರಿಕ್‌ನಲ್ಲಿ, ಅಂದರೆ ಇಲ್ಲಿನ ಹನ್ನೆರಡನೆಯ ತರಗತಿಯ ಕೊನೆಯ ಪರೀಕ್ಷೆಯಲ್ಲಿ, ಸಾಹಿತ್ಯದ ಎರಡನೆಯ ಪತ್ರಿಕೆ 70 ಅಂಕಗಳದ್ದು, ಶಾಲೆ ಕಾದಂಬರಿಯನ್ನು ಆರಿಸಿದ್ದರೆ ಅದರಲ್ಲಿ 35 ಅದಕ್ಕೇ. ನಾಟಕದಲ್ಲಿ ಕೈಬಿಟ್ಟ ದೃಶ್ಯದ ಮೇಲೂ ಪ್ರಶ್ನೆ ಬರಬಹುದು. 1988ರ ಮತ್ತು 2019ರ ಚಲನಚಿತ್ರಗಳಿಗೂ ಇದೇ ಮಾತು.

‘ಅದು ಬಿಳಿಯರ ಭಾಷೆಯಂತೆ’ ಎಂದೂ ಬರೆದಿದ್ದೀರಿ. ಯಾರೋ ಅರ್ಧ ಹೇಳಿದ್ದಾರೆ. ಆಫ್ರಿಕಾನ್ಸನ್ನು ಮನೆಮಾತಾಗಿ ಆಡುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಬಿಳಿಯರಲ್ಲ. ಆದರೆ ಕಪ್ಪು ಮಕ್ಕಳ ಶಾಲೆಗಳ ಮೇಲೆ ಅದನ್ನು ಹೇರಿದ್ದಕ್ಕೇ 1976ರ ಜೂನ್ 16ರಂದು ಜೊಹಾನ್ಸ್‌ಬರ್ಗ್ ಬಳಿಯ ಸೊವೆಟೋದ ಮಕ್ಕಳು ಬೀದಿಗಿಳಿದರು, ಗುಂಡೇಟಿಗೆ ಬಲಿಯಾದರು. ಜೂನ್ 16ರ ರಜೆ ಅದಕ್ಕಾಗಿಯೇ. ಅದಾದ ಎರಡು ವರ್ಷಕ್ಕೆ, 1978ರಲ್ಲಿ, ಲೇಖಕಿ ಎಲ್ಸಾ ಯೂಬೆರ್ ಪಾಪಿ ನೊಂಗೆನಾಳ ಕಥೆಯನ್ನು ಅದೇ ಆಫ್ರಿಕಾನ್ಸ್‌ನಲ್ಲಿ ಪ್ರಕಟಿಸಿದರು. ಕಪ್ಪು ಜನರು ಎಲ್ಲಿರಬಹುದು, ಎಲ್ಲಿರಬಾರದು ಎಂದು ಕಟ್ಟಿಹಾಕುತ್ತಿದ್ದ ಪಾಸ್ ಕಾನೂನುಗಳಿಂದಾಗಿ ಊರಿಂದೂರಿಗೆ ಅಟ್ಟಿಸಿಕೊಂಡ ಖೋಸಾ ಜನಾಂಗದ ಹೆಂಗಸೊಬ್ಬಳು ಹೇಳಿದ್ದನ್ನು ಆಧರಿಸಿದ ಕಾದಂಬರಿ ಅದು. ಅದೂ ನಾಟಕವಾಯಿತು; ಸೋಫಿ ಮ್ಸೀನಾ ಸಂಗೀತ ನೀಡಿದರು. ವಿದೇಶಕ್ಕೂ ಹೋದ ಆ ನಾಟಕದ ಅಭಿನಯಕ್ಕೆ ತೂಲಿ ಡುಮಕುಡೆ ಲಂಡನ್ನಿನಲ್ಲಿ ರಂಗಭೂಮಿಯ ಒಲಿವಿಯೆ ಪ್ರಶಸ್ತಿ ಪಡೆದರು. ಸೋಮವಾರ ಹೇರಿಕೆ, ಮಂಗಳವಾರ ಸಾಹಿತ್ಯ ಎಂದು ಈ ಭಾಷೆಯನ್ನು ಸೀಳಿ ನೋಡಲು ಇಲ್ಲಿ ಯಾರಿಗೂ ಆಗುವುದಿಲ್ಲ. ಶಾಲೆಯ ಗೆಳತಿಯರಲ್ಲಿ ಒಬ್ಬಳು ಅದನ್ನು ಪ್ರೀತಿಸಿ, ಇನ್ನೊಬ್ಬಳು ಅದನ್ನು ಕಂಡರೆ ಮುಖ ಸಿಂಡರಿಸಿದರೆ ನಿಮ್ಮ ಮಗಳು ಬೆರಗಾಗಬೇಕಿಲ್ಲ.

ನಾಟಕದ ಮುನ್ನ ಮಗಳು ಮೊದಲ ಕೆಲವು ಅಧ್ಯಾಯಗಳನ್ನಾದರೂ ಓದಿರಲಿ. ಇಂಗ್ಲಿಷ್ ಅನುವಾದವಿದೆ; ಒಂದು ಪುಟ ಅದರಲ್ಲಿ, ಅದೇ ಪುಟ ಮೂಲದಲ್ಲಿ ಎಂದು ಓದಿದರೆ ಸಾಕು. ನಾಟಕ ಮುಗಿದ ಮೇಲೆ ನಟರು ಪ್ರಶ್ನೆ ಕೇಳಲು ಬಿಟ್ಟರೆ, ತಪ್ಪು ಆಫ್ರಿಕಾನ್ಸ್‌ನಲ್ಲೇ ಆದರೂ ಒಂದು ಕೇಳಲಿ. ಹೊಸ ಪ್ರತಿ ಕೊಳ್ಳುವ ಮೊದಲು ಮೇಲಿನ ತರಗತಿಯ ಮಕ್ಕಳ ತಾಯಂದಿರನ್ನು ವಿಚಾರಿಸಿ. ಅಂಚಿನಲ್ಲಿ ಪೆನ್ಸಿಲಿನಿಂದ ಅರ್ಥ ಬರೆದಿಟ್ಟ ಹಳೆಯ ಪುಸ್ತಕ ಸಿಕ್ಕರೆ, ನಿಮ್ಮ ಮಗಳಿಗೆ ಹೊಸದಕ್ಕಿಂತ ಅದೇ ಹೆಚ್ಚು ಉಪಯೋಗ.